ಓರೆಗೀಟು

ದುರ್ಗಿಗುಡಿಯಲ್ಲಿ ನನ್ನದು ಶೀಲ್ಡಿನ ಅಂಗಡಿ.
ಕಬಡ್ಡಿಗೆ, ರಂಗೋಲಿಗೆ, ನಿವೃತ್ತ ಹೆಡ್‌ಮಾಸ್ತರಿಗೆ,
ಒಮ್ಮೆ ಹೋರಿಯೊಂದಕ್ಕೂ ಹೆಸರು ಕೆತ್ತಿದ್ದೇನೆ,
ಹೋರಿಯದು ದೊಡ್ಡದಾಗಿ, ಯಜಮಾನನದು ಕೆಳಗೆ.
ಮೂವತ್ತೊಂದು ವರ್ಷ. ಗೆದ್ದವರ ಮುಖ ನೋಡಿದವನಲ್ಲ;
ಕಾರ್ಯದರ್ಶಿ ಬರುತ್ತಾನೆ, ಚೌಕಾಸಿ ಮಾಡುತ್ತಾನೆ, ಒಯ್ಯುತ್ತಾನೆ.

ಇವಳು ತಾನೇ ಬಂದಳು.
ಹೆಗಲಿನಿಂದ ಗೋಣಿಯಂಥ ಚೀಲ ಇಳಿಸಿ
ಗಾಜಿನ ಕಪಾಟಿನ ಮೇಲೆ ಒಂದೊಂದೇ ಇಟ್ಟಳು:
ಹಿತ್ತಾಳೆಯ ಎಲೆ, ತೊಟ್ಟು ಮುರಿದದ್ದು;
ಸ್ಲೇಟುಕಲ್ಲಿನ ಬಿಲ್ಲೆ; ಕಂಚಿನದೊಂದು, ಮೀನೋ ದೋಣಿಯೋ;
ಉಣ್ಣೆಯ ಟೋಪಿಯೊಳಗೆ ಗಾಜಿನ ಹನಿ, ಅಂಚಿನ ಚಕ್ಕೆ ಎದ್ದು.
ಜೊತೆಗಿದ್ದ ಹುಡುಗ, ಧ್ವನಿ ಹಿಡಿಯುವವನು, ಹೊಸನಗರದ ಅಲ್ತಾಫ್,
"ನಾಲ್ಕು ದೇಶದ್ದಣ್ಣ, ಮೇಡಂ ಪಿಚ್ಚರಿಗೆ ಬಂದಿದ್ದು" ಎಂದ.
ದುಡ್ಡು? ಎಂದೆ.
ಅವನು ನಕ್ಕ. ಅರ್ಥವಾಗಿ, ಅವಳೂ.
ಒಂದು ಕಡೆ ಕೊಟ್ಟರಂತೆ, ಕ್ಯಾಮೆರಾದ ಸಾಲಕ್ಕೆ ಹೋಯಿತಂತೆ.
ಇನ್ನೊಂದು ಕಡೆ ಬಂಡಿಗಾಲಿಯಂಥ ಚೀಸು,
ರೈಲಿನಲ್ಲಿ ಹೊತ್ತು ತಂದು ವಠಾರಕ್ಕೆಲ್ಲ ಹಂಚಿದಳಂತೆ.

ಸೊಲೆನ್. ಬೆಲ್ಜಿಯಮ್ಮಿನವಳು, ಮನೆಮಾತು ಫ್ರೆಂಚು.
ಕನ್ನಡ ಕಲಿತಿದ್ದಾಳೆ, ರಕಾರ ಮಾತ್ರ ಗಂಟಲಲ್ಲೇ ಉಜ್ಜಿ ಬರುತ್ತದೆ:
ಗಾಜನೂಘು. ನೀಘು. ನೂಘು ಘೂಪಾಯಿ.

ಗಾಜನೂರಿನ ಅಣೆಕಟ್ಟಿನಲ್ಲಿ ಅಳತೆಗೋಲು ಓದಿ
ಪುಸ್ತಕಕ್ಕೆ ಬರೆಯುವ ದಿನಗೂಲಿ ಹೆಂಗಸು ಪುಟ್ಟೀರಮ್ಮ.
ಅವಳ ಹಿಂದೆ ಇವಳು, ಒಂದೂವರೆ ವರ್ಷ.
ಪಿಚ್ಚರಿನಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ.
ಅವಳು ಬಗ್ಗುತ್ತಾಳೆ, ಟಾರ್ಚು ಬಿಡುತ್ತಾಳೆ, ಅಂಕಿ ಹೇಳುತ್ತಾಳೆ,
ಫೋನಿನ ಆಚೆ ಯಾರೋ "ಹ್ಞೂಂ" ಅನ್ನುತ್ತಾನೆ.
ಅಲ್ತಾಫ್ ಮೊಬೈಲಿನಲ್ಲಿ ನಾಲ್ಕು ನಿಮಿಷ ತೋರಿಸಿದ.
ಆಕಳಿಸಿದೆ, ನಿಜ ಹೇಳಬೇಕು.
ಆಮೇಲೆ, ಅಂಕಿ ತಪ್ಪಾಯಿತೇನೋ ಅಂತ
ಅವಳು ತಿರುಗಿ ಬಂದು ಮತ್ತೆ ಬಗ್ಗಿದಾಗ
ನನ್ನ ಕೈಯ ಉಳಿ ನಿಂತಿತು.

ಎಲೆಗೆ ತೊಟ್ಟು ಬೆಸೆದು ಕೊಟ್ಟಾಗ ಬೆರಳಿಟ್ಟು ತೋರಿಸಿದಳು:
ಹೆಸರಿನ ನಡುವಿನ ಅಕ್ಷರಕ್ಕೆ ನೆತ್ತಿಯ ಮೇಲೊಂದು
ಎಡದಿಂದ ಬಲಕ್ಕಿಳಿಯುವ ಓರೆಗೀಟು ಇರಬೇಕು.
ನಾಲ್ಕರಲ್ಲೂ ಇಲ್ಲ. ಅದರಲ್ಲೊಂದು ಅವಳದೇ ಭಾಷೆಯವರು ಕೊಟ್ಟದ್ದು.
ಅದಿಲ್ಲದಿದ್ದರೆ? ಎಂದೆ.
"ಬೇಘೆ ಯಾಘೋ," ಎಂದಳು, "ನನ್ನ ಹಾಗೆ ಇಘೋ ಯಾಘೋ."
ನನಗೆ ಗೊತ್ತು. ಮೊನ್ನೆ ಒಂದು ಗೀಟು ಹೆಚ್ಚಾಗಿ
ಕಲೆಯ ಸ್ಪರ್ಧೆ ಕೊಲೆಯ ಸ್ಪರ್ಧೆಯಾಗಿ
ಜಿಲ್ಲಾ ಶೀಲ್ಡು ವಾಪಸ್ಸು ಬಂದಿತ್ತು.

ನಾಲ್ಕು ಗೀಟು. ಒಂದೊಂದೂ ಅಕ್ಕಿಕಾಳಿನ ಅರ್ಧ.
ಗಾಜಿನ ಮೇಲೆ ಉಸಿರು ಕಟ್ಟಿ ಎಳೆದೆ.
ಅದಕ್ಕೆ ದುಡ್ಡು ಹಿಡಿಯಲಿಲ್ಲ. ಬೆಸುಗೆಗೆ ಹಿಡಿದೆ.

ಹೊರಡುವಾಗ ಮೇಲಿನ ಸಾಲಿನಿಂದ ಒಂದು ಬಟ್ಟಲು ಆರಿಸಿದಳು,
ಪುಟ್ಟೀರಮ್ಮನಿಗೆ, ತನ್ನ ಕಡೆಯಿಂದ.
ಏನು ಕೆತ್ತಲಿ? ಶ್ರೇಷ್ಠ ನಟಿ? ಸಾಧಕಿ?
ಅಲ್ತಾಫ್ ಫೋನು ಹಚ್ಚಿದ. ಮೊದಲು ನೀರಿನ ಸದ್ದು, ಆಮೇಲೆ ಅವಳದು:
"ಬಟ್ಲಿನ ಮ್ಯಾಲೆ ನನ್ ಹೆಸ್ರ್ಯಾಕೆ? ನಂಗೊತ್ತೈತೆ ಅದು.
ಮಸ್ಟರ್ ರೋಲ್ನಾಗೆ ಇಲ್ಲ, ಒಂಬತ್ತ್ ವರ್ಷದಿಂದ.
ಅಲ್ಲಿ ಬರ್ಸಾಕಾಗ್ತದಾ, ಆ ಯಮ್ಮುನ್ನ ಕೇಳಪ್ಪ."
ಅಲ್ತಾಫ್ ಅದನ್ನು ಫ್ರೆಂಚಿಗೆ ಹೊರಳಿಸಲಿಲ್ಲ.
ಬೇಕಾಗಿರಲಿಲ್ಲ.

ನೀರಾವರಿ ಕಚೇರಿಗೆ ಮೂರು ಸಲ ಹೋಗಿದ್ದಾಳೆ, ಚೀಲ ಸಮೇತ.
ಗುಮಾಸ್ತ ಗಾಜಿನ ಹನಿಯನ್ನು ಬೆಳಕಿಗೆ ಹಿಡಿದು ನೋಡಿ
"ಚೆನ್ನಾಗಿದೆ" ಅಂದನಂತೆ, ಸಾಹೇಬರು ಮೀಟಿಂಗಿನಲ್ಲಿದ್ದರಂತೆ.

ಬಟ್ಟಲು ಇಲ್ಲೇ ಇದೆ, ಅಡ್ವಾನ್ಸ್ ಬಂದಿದೆ.
ದಿನಾ ಧೂಳು ಒರೆಸುತ್ತೇನೆ.
ಹೊಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಸುಮ್ಮನೆ ಬರೆದಿಟ್ಟಿದ್ದೇನೆ:
ಕೊಂಬು ಒಂದು, ದೀರ್ಘ ಒಂದು, ಒತ್ತು ಎರಡು.
ಒಂದೂ ಬಿಡಬಾರದು.